ಕೀಲು ಬದಲಾವಣೆಯ ಔಷಧವೂ ಅನರ್ಥದಂಡವೂ

ಮೊಣಕಾಲಿನ ಕೀಲು ಸವೆದು, ಪದ್ಮಾಸನವಂತಿರಲಿ, ಬಸದಿಯ ಮೆಟ್ಟಿಲೇರುವುದೂ ದುಸ್ಸಾಧ್ಯವಾದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಕೃತಕ ಕೀಲಿನ ಶಸ್ತ್ರಚಿಕಿತ್ಸೆಗೆ ಒಪ್ಪುವಾಗ ಕೆಲವರಲ್ಲಿ ಒಂದು ಶಂಕೆ ಮೂಡುವುದುಂಟು. ರೋಗವೇ ಬಾರದಿರುವಾಗ, ಬಂದೀತೆಂಬ ಭಯದಿಂದ ಅಸಂಖ್ಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪ್ರತಿಜೀವಕವನ್ನು ಮುಂಚಿತವಾಗಿ ಸ್ವೀಕರಿಸುವುದು ಶ್ರಾವಕನಿಗೆ ಸಲ್ಲುವುದೆ? ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ.

ಸ್ಟೆಫಿಲೊಕಾಕಸ್ ಜಾತಿಯ ಜೀವಾಣುಗಳು ನಮ್ಮ ಚರ್ಮದ ಮೇಲೂ ಮೂಗಿನಲ್ಲಿಯೂ ಸಹಜವಾಗಿಯೇ ವಾಸಿಸುತ್ತವೆ. ಅವು ಛೇದನದ ವೇಳೆ ಒಳಸೇರಿ ಲೋಹಕ್ಕೆ ಅಂಟಿಕೊಂಡರೆ ಸುತ್ತಲೂ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ಬಳಿಕ ಔಷಧವು ಅವನ್ನು ಸುಲಭವಾಗಿ ತಲುಪಲಾರದು. ಎಷ್ಟೋ ಸಲ ಹಾಕಿದ ಕೀಲನ್ನೇ ತೆಗೆದು, ವಾರಗಟ್ಟಲೆ ತೀವ್ರ ಔಷಧ ನೀಡಿ, ಪುನಃ ಶಸ್ತ್ರಚಿಕಿತ್ಸೆ ನಡೆಸಬೇಕಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಇಂತಹ ಸೋಂಕು ತಗಲುತ್ತದೆ. ಇದನ್ನು ತಡೆಯಲೆಂದೇ ಛೇದನಕ್ಕೆ ಮುಂಚಿನ 60 ನಿಮಿಷಗಳೊಳಗೆ ಸೆಫಜೋಲಿನ್ ಔಷಧವನ್ನು, ವಯಸ್ಕರಿಗೆ ಸಾಮಾನ್ಯವಾಗಿ 2 ಗ್ರಾಂ, ರಕ್ತನಾಳಕ್ಕೆ ನೀಡುತ್ತಾರೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನು ಪ್ರಮಾದದೊಡನೆ ಸೇರಿಸಿಯೇ ಹೇಳಿದ್ದಾರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತೊರೆಯಬೇಕು. ಆರಂಭೀ, ವಿರೋಧೀ ಹಿಂಸೆಗಳು ಅವನಿಗೆ ಪೂರ್ಣವಾಗಿ ತಪ್ಪವು. ಈ ಒಂದು ಮಾತ್ರೆಯ ಔಷಧದಲ್ಲಿ ಹಿಂಸೆಯಿಲ್ಲವೆಂದು ನಾನು ಹೇಳಲಾರೆ. ಇದೆ. ಆದರೆ ಅದರ ಉದ್ದೇಶ ಆತ್ಮರಕ್ಷಣೆ, ಅದಕ್ಕೊಂದು ಮಿತಿಯಿದೆ, ಮಾಡುವವನಲ್ಲಿ ಎಚ್ಚರವಿದೆ.

ನನಗೆ ಹೆಚ್ಚು ಕಳವಳ ತರುವುದು ಅನಂತರದ ದಿನಗಳು. ಗಾಯ ಹೊಲಿದ ಮೇಲೆ ಮುನ್ನೆಚ್ಚರಿಕೆಗಾಗಿ ಪ್ರತಿಜೀವಕವನ್ನು ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿಯೇ ಸೂಚಿಸಿದೆ. ಆದರೂ ಐದು ದಿನ, ಏಳು ದಿನ ಗುಳಿಗೆ ನಡೆಯುತ್ತದೆ. ಬರೆಯದ ವೈದ್ಯರನ್ನು ಮನೆಯವರೇ ಒತ್ತಾಯಿಸುತ್ತಾರೆ. ಅಂಗಡಿಯಲ್ಲಿ ಕೊಸರು ಕೇಳುವ ಗಿರಾಕಿಗಳನ್ನು ನಾನು ಬಲ್ಲೆ. ಔಷಧದಲ್ಲಿಯೂ ಕೊಸರು ಬೇಡುವುದು ಪ್ರಯೋಜನವಿಲ್ಲದ ಹಿಂಸೆ, ಅಂದರೆ ನೇರವಾಗಿ ಅನರ್ಥದಂಡ. ಕರುಳಿನ ಉಪಕಾರಿ ಜೀವಾಣುಗಳು ಸಾಯುತ್ತವೆ, ಉಳಿದವು ಔಷಧಕ್ಕೆ ಬಗ್ಗದಂತಾಗುತ್ತವೆ. ಅದರ ಫಲವನ್ನು ಉಣ್ಣುವವನು ಪಕ್ಕದ ಹಾಸಿಗೆಯ ಅಪರಿಚಿತನಾಗಿರಬಹುದು.

ಔಷಧದ ಆಯ್ಕೆಯಲ್ಲಿ ಸತ್ಯವ್ರತವೂ ಸೇರಿದೆ. ಬಾಲ್ಯದಲ್ಲೆಂದೋ ಮೈಮೇಲೆ ಗಂಧೆ ಎದ್ದಿತ್ತೆಂದು "ಪೆನಿಸಿಲಿನ್ ಒಗ್ಗದು" ಎಂದು ಬರೆಸಿಬಿಡುತ್ತಾರೆ. ಹೀಗೆ ಬರೆಸಿದವರಲ್ಲಿ ಬಹುಪಾಲು ಜನರಿಗೆ ಪರೀಕ್ಷಿಸಿದಾಗ ಅಂತಹ ದೋಷವಿರುವುದಿಲ್ಲ. ಆದರೆ ಆ ಒಂದು ಸಾಲಿನಿಂದ ಸೆಫಜೋಲಿನ್ ತಪ್ಪಿ, ನಿಧಾನವಾಗಿ ಹನಿಸಬೇಕಾದ ವ್ಯಾಂಕೋಮೈಸಿನ್ ಬರುತ್ತದೆ. ಸಾಧಾರಣ ಸ್ಟೆಫಿಲೊಕಾಕಸ್ಸಿಗೆ ಅದು ಅಷ್ಟು ಸಮರ್ಥವಲ್ಲ. ಏನಾಗಿತ್ತು, ಯಾವಾಗ, ಉಸಿರು ಕಟ್ಟಿತ್ತೆ ಎಂಬುದನ್ನು ಇದ್ದಂತೆಯೇ ಹೇಳಬೇಕು.

ಬಡ ಸಾಧರ್ಮಿಕರ ಶಸ್ತ್ರಚಿಕಿತ್ಸೆಗೆ ನೆರವಾಗುವ ನಮ್ಮ ಟ್ರಸ್ಟುಗಳು ಬಿಲ್ಲಿನ ಮೊತ್ತವನ್ನಷ್ಟೇ ನೋಡುತ್ತವೆ. ಯಾವ ಪ್ರತಿಜೀವಕ, ಎಷ್ಟು ದಿನ, ಏಕೆ ಎಂದು ವೈದ್ಯರನ್ನು ವಿನಯದಿಂದ ಕೇಳುವ ಒಂದು ಅಂಕಣವನ್ನು ಅರ್ಜಿಯಲ್ಲಿ ಸೇರಿಸಲು ಹೆಚ್ಚಿನ ವೆಚ್ಚವೇನೂ ತಗಲದು.