ಅಳೆಯದೆ ಬಿಟ್ಟ ರಕ್ತ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ನೋವು ಉಂಡವರ ಬಾಯಿಂದ ಬಂದ ಮಾತು ಅದು. ಆದರೆ ಬಾಣಂತಿ ಸತ್ತಾಗ ಅದೇ ಮಾತು ಸಮಾಧಾನಕ್ಕೂ ಒದಗುತ್ತದೆ. ಋಣ ಅಷ್ಟೇ ಇತ್ತು ಎಂದು ಹೇಳಿ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 2,60,000 ಹೆಂಗಸರು ಬಸುರು, ಹೆರಿಗೆ, ಬಾಣಂತನದ ಕಾರಣಕ್ಕೆ ತೀರಿಕೊಂಡರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಾವು ಬಡ ಹಾಗೂ ಕೆಳಮಧ್ಯಮ ಆದಾಯದ ದೇಶಗಳಲ್ಲಿ ಆದವು. ಹಣೆಬರಹವೇ ಕಾರಣವಾಗಿದ್ದರೆ ಅದು ಹೀಗೆ ದೇಶ ನೋಡಿ, ಆದಾಯ ನೋಡಿ ಬರುತ್ತಿರಲಿಲ್ಲ.

ಈ ಸಾವುಗಳಲ್ಲಿ ದೊಡ್ಡ ಪಾಲು ಹೆರಿಗೆಯ ನಂತರದ ರಕ್ತಸ್ರಾವದ್ದು. ತುಂಬು ಬಸುರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕೂಸು ಹೊರಬಂದು ಮಾಸು ಬಿದ್ದೊಡನೆ ಗರ್ಭಕೋಶ ಗಟ್ಟಿಯಾಗಿ ಬಿಗಿದುಕೊಳ್ಳಬೇಕು; ಅದರ ಸ್ನಾಯುಗಳು ತೆರೆದ ರಕ್ತನಾಳಗಳನ್ನು ಹಿಂಡಿ ಮುಚ್ಚಬೇಕು. ಬಿಗಿಯದೆ ಮೆತ್ತಗೇ ಉಳಿದರೆ ಎರಡು ತಾಸಿನೊಳಗೆ ಪ್ರಾಣ ಹೋಗಬಹುದು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟು ಹೊತ್ತೂ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರ ಪೈಕಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು.

ಎಷ್ಟು ರಕ್ತ ಹೋಯಿತೆಂದು ತಿಳಿಯಲು ಬಹುಕಾಲ ಕಣ್ಣಂದಾಜನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಒಂದಷ್ಟನ್ನು ಬಟ್ಟೆ ಹೀರುತ್ತದೆ, ಒಂದಷ್ಟು ನೆಲಕ್ಕಿಳಿಯುತ್ತದೆ. ‘ಕೆಟ್ಟ ರಕ್ತ, ಹೋಗಲಿ ಬಿಡು’ ಎನ್ನುವ ಹಿರಿಯರಿದ್ದರು, ಮೈಲಿಗೆಯೆಂದು ಬಾಗಿಲಾಚೆ ಕೂತ ಗಂಡಸರಿದ್ದರು. ಮೈಲಿಗೆಯೆಂದು ದೂರವಿಟ್ಟದ್ದನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ, ನೋಡದ್ದನ್ನು ಅಳೆಯುವುದೂ ಇಲ್ಲ. ಅದೇ ಊರಿನ ಡೇರಿಯಲ್ಲಿ ದಿನಕ್ಕೆರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಈ ರಕ್ತವನ್ನು ಅಳೆಯುವ ಒಂದು ಸಾಧನ ನಮ್ಮ ಬೆಳಗಾವಿಯಲ್ಲೇ ರೂಪುಗೊಂಡಿತು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಮಾಡಿದ್ದು ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೆ. ಕೂಸು ಹುಟ್ಟಿದ ಕೂಡಲೇ ಅದನ್ನು ತಾಯಿಯ ಸೊಂಟದಡಿ ಹಾಸಿ ಹೊಟ್ಟೆಗೆ ಕಟ್ಟುತ್ತಾರೆ. ಕೆಳಗೆ ಇಳಿಬಿದ್ದ ಚೀಲ ತುದಿಗೆ ಹೋಗುತ್ತ ಕಿರಿದಾಗುತ್ತದೆ. ಅದರ ಮೇಲೆ ಮಿಲಿಲೀಟರಿನ ಗೆರೆಗಳಿವೆ. ಬಗ್ಗಿ ಗೆರೆ ಓದಿದರೆ ಸಾಕು. ಹೋಲಿಸಿ ನೋಡಿದಾಗ ಕಣ್ಣಂದಾಜು ಹಾಳೆಯ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ ಇತ್ತು. ಮುನ್ನೂರು ಮಿಲಿಲೀಟರ್ ಎಂದುಕೊಂಡದ್ದು ನಿಜದಲ್ಲಿ ನಾನೂರೈವತ್ತರ ಹತ್ತಿರ.

ಇದೇ ಹಾಳೆಯನ್ನು ಹಿಡಿದು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಉಪಕೇಂದ್ರದ ಶುಶ್ರೂಷಕಿಯರಾದ ಎಎನ್‌ಎಂಗಳು ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. ಹೊಟ್ಟೆಹುಣ್ಣಿಗೆಂದು ಬಂದ ಅಗ್ಗದ ಔಷಧ ಅದು. ಗರ್ಭಕೋಶವನ್ನು ಬಿಗಿಸುವ ಗುಣವೂ ಅದಕ್ಕಿದೆ. ಉಳಿದರ್ಧ ಮಂದಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು.

ಆ ಬರಿ ಗುಳಿಗೆ ನುಂಗಿದ ತಾಯಂದಿರ ಮಾತೇನು? ಈ ಪ್ರಶ್ನೆಯನ್ನು ದಾಟಿ ಹೋಗಲು ನನಗೆ ಮನಸ್ಸು ಬಾರದು. ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಅಷ್ಟು ಹೊತ್ತಿಗೆ ದಶಕಗಳಿಂದ ದೊಡ್ಡ ಆಸ್ಪತ್ರೆಗಳಲ್ಲಿತ್ತು. ಅದನ್ನು ತಂಪಿನಲ್ಲಿಡಬೇಕು, ಅದಕ್ಕೆ ಸೂಜಿ ಬೇಕು, ಚುಚ್ಚುವ ಅಧಿಕಾರವುಳ್ಳವರು ಬೇಕು. ಹಳ್ಳಿಯ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ ರೂಢಿಯಲ್ಲಿದ್ದ ಆರೈಕೆಯೊಂದಿಗೇ ಹೋಲಿಸಿದ್ದೇವೆ, ಆ ಆರೈಕೆಯಲ್ಲಿ ಔಷಧವೇ ಇರಲಿಲ್ಲ ಎಂಬುದು ಇಂಥ ಪ್ರಯೋಗದ ಸಮರ್ಥನೆ. ಅದು ಸುಳ್ಳಲ್ಲ. ಇದ್ದದ್ದನ್ನು ಯಾರೂ ಕಸಿದುಕೊಳ್ಳಲಿಲ್ಲ; ತರಬೇತಾದವಳೊಬ್ಬಳು ಪಕ್ಕದಲ್ಲಿದ್ದು ರಕ್ತ ಅಳೆದದ್ದೇ ಆ ತಾಯಂದಿರಿಗೆ ಹಿಂದೆ ಸಿಗದಿದ್ದ ಕಾವಲು. ಹಾಗಾಗಿ ಪ್ರಯೋಗ ನಡೆದದ್ದು ಸರಿಯೆಂದೇ ನನ್ನ ನಿಲುವು. ಆದರೆ ಬಡವಳ ಪಾಲಿಗೆ ರೂಢಿಯ ಆರೈಕೆಯೆಂದರೆ ಬರಿಗೈ ಎಂದು ಯಾವ ಸಂಶೋಧಕನೂ ತೀರ್ಮಾನಿಸಿರಲಿಲ್ಲ. ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಳೆದರೂ ನಾವೆಲ್ಲ ಅದನ್ನು ಸಹಜವೆಂದು ನಡೆಸಿಕೊಂಡು ಬಂದಿದ್ದೆವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದರಿಂದ ಯಾವ ದೇಶದಲ್ಲಿ ಯಾವ ತಾಯಿ ಉಳಿದರೂ ಬೆಳಗಾವಿಯ ಆ ಹೆಂಗಸರಿಗೆ, ಔಷಧ ಸಿಕ್ಕವರಿಗಿಂತ ಸಿಗದವರಿಗೆ ಹೆಚ್ಚಾಗಿ, ಜಗತ್ತು ಋಣಿ.

ಗೆರೆಯುಳ್ಳ ಹಾಳೆ ಮುಂದೆ ಆಫ್ರಿಕಕ್ಕೆ ಹೋಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ, ತಾಂಜಾನಿಯಾಗಳ ಸುಮಾರು 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಮಿಕ್ಕಿದ ತಾಯಂದಿರನ್ನು ಒಳಗೊಂಡ ‘ಇ-ಮೋಟಿವ್’ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಾಳೆಯಿಂದ ಬೇಗ ಗುರುತಿಸಿ, ಗರ್ಭಕೋಶ ನೀವುವುದು, ಅದನ್ನು ಬಿಗಿಸುವ ಔಷಧ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಮಾಡುವುದು ಅದರ ಕ್ರಮ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು, ಇವು ಒಟ್ಟಾರೆ ಶೇ. 60ರಷ್ಟು ಇಳಿದವು. ಹಳೆಯ ಪದ್ಧತಿಯಲ್ಲಿ ರಕ್ತಸ್ರಾವ ಅತಿಯಾದ ತಾಯಂದಿರಲ್ಲಿ ಅರ್ಧದಷ್ಟು ಮಂದಿಯನ್ನು ಯಾರೂ ಗುರುತಿಸಿಯೇ ಇರಲಿಲ್ಲ, ಹೊಸದರಲ್ಲಿ ಶೇ. 93 ಮಂದಿಯನ್ನು ಗುರುತಿಸಿದರು. ಈ ಔಷಧಗಳಲ್ಲಿ ಒಂದೂ ಹೊಸದಲ್ಲ.

ಇಷ್ಟಾದರೂ ಹಾಳೆ ತಾನಾಗಿ ಯಾರನ್ನೂ ಉಳಿಸದು. ತಪ್ಪು ನಿನ್ನದೇ ಎಂದು ನೋಟಿಸ್ ಬರುವ ಭಯವಿದ್ದರೆ, ರಾತ್ರಿ ಪಾಳಿಯಲ್ಲಿ ಒಬ್ಬಳೇ ನಿಂತ ನರ್ಸ್ ಒಂಬೈನೂರನ್ನು ನಾನೂರೆಂದು ಬರೆದಾಳು. ಬ್ರಿಟನ್ನಿನಲ್ಲಿ 1952ರಿಂದಲೂ ತಾಯಂದಿರ ಸಾವನ್ನು ಹೆಸರು ಬಯಲು ಮಾಡದೆ ಪರಿಶೀಲಿಸುವ ಪದ್ಧತಿಯಿದೆ. ಕೇರಳದ ಪ್ರಸೂತಿ ತಜ್ಞರ ಸಂಘ 2004ರಲ್ಲಿ ಅದನ್ನು ಕೈಗೆತ್ತಿಕೊಂಡಿತು. 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ಅಂತರಕ್ಕೆ ಕಾರಣಗಳು ಹಲವು, ಆದರೆ ನಿರ್ಭಯವಾಗಿ ನಿಜ ಬರೆಯುವ ಏರ್ಪಾಡನ್ನು ನಾವು ನಾಳೆಯೇ ಮಾಡಿಕೊಳ್ಳಬಹುದು. ನಮ್ಮ ಜಿಲ್ಲಾ ಸಮಿತಿಗಳು ತಾಯಿ ಸಾವಿನ ಪರಿಶೀಲನೆಗೆ ಕೂತಾಗ ‘ಡ್ಯೂಟಿಯಲ್ಲಿ ಯಾರಿದ್ದರು’ ಎಂದು ಕೇಳುವ ಮೊದಲು, ಎಷ್ಟು ಹೊತ್ತಿಗೆ ಎಷ್ಟು ರಕ್ತ ಹೋಗಿತ್ತು, ಆಗ ಕೈಗೆ ಏನು ಸಿಗಲಿಲ್ಲ ಎಂದು ಕೇಳಲಿ. ಆ ಉತ್ತರ, ಹೆಸರುಗಳನ್ನು ತೆಗೆದು, ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಹೋಗಲಿ, ಸತ್ತವಳ ಮನೆಗೂ ಹೋಗಲಿ.