ನನಗೊಪ್ಪುವ ಉಡುಗೆ ಯಾವುದು?



ನಮ್ಮ ಧರ್ಮಕೇಂದ್ರದ ಯುವಜನರಿಗಾಗಿ ಒಂದು ದಿನದ ಧ್ಯಾನಕೂಟ ನಡೆದಿತ್ತು. ಮಧ್ಯಾಹ್ನದ ಊಟದ ಬಳಿಕ ಪ್ರಶ್ನೋತ್ತರದ ಸಮಯ. ಹೆಸರು ಹಾಕದೆ ಚೀಟಿಯಲ್ಲಿ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಿ ಎಂದಿದ್ದೆ. ಪ್ರಾರ್ಥನೆ, ಪ್ರೇಮ, ನೌಕರಿ ಎಂದು ಬಂದ ಚೀಟಿಗಳ ನಡುವೆ ಒಂದರಲ್ಲಿ ಹೀಗಿತ್ತು: "ಫಾದರ್, ಯಾವ ಬಟ್ಟೆ ನನಗೆ ಒಪ್ಪುತ್ತದೆ, ಯಾವುದು ನನ್ನದೇ ಶೈಲಿ ಎಂದು ಹುಡುಕುವುದು ತಪ್ಪೇ? ಮನೆಯಲ್ಲಿ ಅದನ್ನು ಷೋಕಿ ಎನ್ನುತ್ತಾರೆ. ಕಾಲೇಜಿನಲ್ಲಿ ಗೆಳತಿಯರು ನನ್ನನ್ನು ಗೌರಮ್ಮ ಎಂದು ರೇಗಿಸುತ್ತಾರೆ. ನಾನು ಯಾರ ಮಾತು ಕೇಳಲಿ?"

ಚೀಟಿ ಓದಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. "ಮನಸ್ಸು ಚೆನ್ನಾಗಿದ್ದರೆ ಯಾವ ಬಟ್ಟೆಯಾದರೂ ಒಪ್ಪುತ್ತದೆ" ಎಂದು ಹೇಳಿ ಮುಂದಿನ ಚೀಟಿ ತೆಗೆದೆ. ಕೇಳಲು ಸೊಗಸಾದ ಮಾತು. ಆದರೆ ಅದು ಉತ್ತರವಾಗಿರಲಿಲ್ಲ, ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಆ ಚೀಟಿ ಬರೆದ ಮಗಳು ಈ ಪುಟವನ್ನು ಓದುತ್ತಾಳೋ ಇಲ್ಲವೋ ತಿಳಿಯದು. ಅಂದು ಕೊಡದ ಉತ್ತರವನ್ನು ಇಂದು ಕೊಡಲು ಯತ್ನಿಸುತ್ತೇನೆ. ಹೆತ್ತವರೂ ಓದಬೇಕೆಂದು ಬೇಡುತ್ತೇನೆ.

ಮೊದಲನೆಯದಾಗಿ, ಉಡುಗೆಯ ಪ್ರಶ್ನೆ ಕ್ಷುಲ್ಲಕವಲ್ಲ. ದೇಹವು ಆತ್ಮದ ಸೆರೆಮನೆ ಎಂದು ಹೇಳಿದ ತತ್ವಜ್ಞಾನಿಗಳು ಇದ್ದರು. ನಮ್ಮ ವಿಶ್ವಾಸ ಹಾಗೆ ಹೇಳುವುದಿಲ್ಲ. ದೇವರ ವಾರ್ತೆಯೇ ಮನುಷ್ಯದೇಹ ಧರಿಸಿತು ಎಂದು ನಂಬುವವರು ನಾವು. ಆ ಕಂದನನ್ನು ತಾಯಿ ಮರಿಯಮ್ಮ ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳೆಂದು ಸಂತ ಲೂಕರು ಮರೆಯದೆ ಬರೆದಿದ್ದಾರೆ. ಶಿಲುಬೆಯ ಬಳಿ ಸೈನಿಕರು ಚೀಟಿ ಹಾಕಿದ್ದು ಪ್ರಭುವಿನ ಹೊಲಿಗೆಯಿಲ್ಲದ ಅಂಗಿಗಾಗಿ; ಅದನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿ ನೇಯಲಾಗಿತ್ತೆಂದು ಸಂತ ಯೊವಾನ್ನರು ಹೇಳುತ್ತಾರೆ. ಶುಭಸಂದೇಶಕಾರರಿಗೆ ಮುಖ್ಯವೆನಿಸಿದ್ದು ನಮಗೆ ನಗುವಿನ ವಿಷಯವಾಗಬಾರದು.

ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಎರಡು ಬಗೆಯ ಉಡುಪು ಬರುತ್ತದೆ. ಪಾಪ ಮಾಡಿದ ಆದಾಮನೂ ಹವ್ವಳೂ ಅಂಜೂರದ ಎಲೆಗಳನ್ನು ತಾವೇ ಹೊಲಿದುಕೊಂಡರು. ಅದು ಭಯದ ಉಡುಪು, ಅಡಗಿಕೊಳ್ಳಲು ತೊಟ್ಟದ್ದು. ಅಧ್ಯಾಯದ ಕೊನೆಗೆ, ಅವರನ್ನು ತೋಟದಿಂದ ಹೊರಡಿಸುವ ಮುನ್ನ, ದೇವರೇ ಅವರಿಗೆ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದರು. ಅದು ಪ್ರೀತಿಯ ಉಡುಪು. ದಂಡನೆ ವಿಧಿಸಿದ ಮೇಲೂ ಮಕ್ಕಳಿಗೆ ಚಳಿಯಾದೀತೆಂದು ನೋಡುವ ತಂದೆಯ ಕೆಲಸ ಅದು. ನಮ್ಮ ಮನೆಗಳ ಬೀರುಗಳಲ್ಲಿ ಇಂದಿಗೂ ಈ ಎರಡೂ ಬಗೆಯ ಬಟ್ಟೆಗಳಿವೆ. ಯಾವುದು ಭಯದಿಂದ ಕೊಂಡದ್ದು, ಯಾವುದು ಪ್ರೀತಿಯಿಂದ ತೊಟ್ಟದ್ದು ಎಂದು ನಾವೇ ಕೇಳಿಕೊಳ್ಳಬೇಕು.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ನಮ್ಮ ಹಿರಿಯರ ಗಾದೆ. ಉಣ್ಣುವುದು ನಮ್ಮ ಇಷ್ಟದಂತೆ, ಉಡುವುದು ನೋಡುವವರ ಇಷ್ಟದಂತೆ ಎಂದರ್ಥ. ಈ ಗಾದೆಯನ್ನು ನಾವು ಹೆಚ್ಚಾಗಿ ಅಂಜೂರದ ಎಲೆಯಂತೆ ಬಳಸುತ್ತೇವೆ. ನಾಲ್ಕು ಜನ ಏನೆಂದಾರು ಎಂಬ ಭಯದಿಂದ ಸಾಲ ಮಾಡಿ ಹಬ್ಬಕ್ಕೆ ಬಟ್ಟೆ ತರುತ್ತೇವೆ. ಮೊದಲ ಪರಮಪ್ರಸಾದ ಸ್ವೀಕರಿಸುವ ಮಗುವಿನ ಉಡುಪು ಪಕ್ಕದ ಮನೆಯ ಮಗುವಿನದಕ್ಕಿಂತ ಕಡಿಮೆಯಾಗಬಾರದೆಂದು ಚಡಪಡಿಸುತ್ತೇವೆ. ಆ ನಾಲ್ಕು ಜನರಾದರೂ ಯಾರು? ಅವರೂ ನಮ್ಮ ಭಯದಲ್ಲಿ ಉಟ್ಟವರೇ!

ಹಾಗಾದರೆ ಉಡುಗೆಯನ್ನು ಲೆಕ್ಕಿಸದೆ ಇರುವುದೇ ಭಕ್ತಿಯೇ? ಅದೂ ಅಲ್ಲ. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಯಾ' ಎಂಬ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ: ಹೊರಗಿನ ಉಡುಪಿನಲ್ಲಿ ಸದ್ಗುಣ, ದುರ್ಗುಣ ಎಂಬುದು ಉಂಟೇ? ಉಂಟು ಎಂಬುದು ಅವರ ಉತ್ತರ. ದೋಷ ಬಟ್ಟೆಯಲ್ಲಿಲ್ಲ, ಅದನ್ನು ಬಳಸುವ ಮನುಷ್ಯನ ಮಿತಿಮೀರಿದ ಆಸೆಯಲ್ಲಿದೆ. ಮೆಚ್ಚುಗೆಗಾಗಿ ಉಡುವುದು, ಸುಖಲೋಲುಪತೆಗಾಗಿ ಉಡುವುದು, ಹಗಲೂ ರಾತ್ರಿ ಅದೇ ಚಿಂತೆಯಲ್ಲಿರುವುದು ಒಂದು ಅತಿ. ಆದರೆ ಅವರು ಅಷ್ಟಕ್ಕೇ ನಿಲ್ಲುವುದಿಲ್ಲ. ಸೋಮಾರಿತನದಿಂದ ಕೊಳಕಾಗಿ ಉಡುವುದೂ ದೋಷವೆನ್ನುತ್ತಾರೆ. ತಾನು ಸರಳನೆಂದು ತೋರಿಸಿಕೊಳ್ಳಲು ಹರಕು ಉಡುವುದೂ ದೋಷವೇ. ಸಂತ ಅಗಸ್ಟೀನರನ್ನು ನೆನೆದು, ಹರಕು ಬಟ್ಟೆಯಲ್ಲೂ ಹೆಮ್ಮೆ ಅಡಗಿರಬಲ್ಲದೆಂದು ಎಚ್ಚರಿಸುತ್ತಾರೆ. ಇದನ್ನು ಗುರುಮಠದಲ್ಲಿ ಓದಿದಾಗ ನನಗೆ ಅಷ್ಟಾಗಿ ನಾಟಲಿಲ್ಲ. ನಿತ್ಯ ಒಂದೇ ಬಿಳಿ ನಿಲುವಂಗಿ ತೊಡುವವನಾದ ಮೇಲೆ ನಾಟಿದೆ. ಬೆಳಿಗ್ಗೆ ಏನು ತೊಡಲಿ ಎಂಬ ಚಿಂತೆ ಇಲ್ಲದವನಿಗೆ ಚಿಂತೆ ಇರುವವರನ್ನು ಗದರುವುದು ಬಹಳ ಸುಲಭ.

ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ದ ಸಾಲ್ಸರು ಸಂಸಾರಿಗಳಿಗಾಗಿಯೇ ಒಂದು ಭಕ್ತಿಗ್ರಂಥ ಬರೆದರು. ಅದು ಅಚ್ಚಾದದ್ದು 1609ರಲ್ಲಿ. ಅದರ ಒಂದು ಅಧ್ಯಾಯ ಉಡುಪಿನ ಬಗ್ಗೆಯೇ ಇದೆ. ಭಕ್ತರು ಅಚ್ಚುಕಟ್ಟಾಗಿ, ತಮ್ಮ ವಯಸ್ಸಿಗೆ, ಸ್ಥಿತಿಗೆ, ಸಂದರ್ಭಕ್ಕೆ ತಕ್ಕಂತೆ ಉಡಲಿ; ಸಭೆಯಲ್ಲಿ ಅವರೇ ಚೆನ್ನಾಗಿ ಉಟ್ಟವರಾಗಿರಲಿ, ಆದರೆ ಆಡಂಬರ ಮಾತ್ರ ಎಲ್ಲರಿಗಿಂತ ಕಡಿಮೆಯಿರಲಿ ಎಂಬುದು ಅವರ ಆಶಯ. ಸಂತರೊಬ್ಬರು ಇಷ್ಟು ಉದಾರವಾಗಿ ಬರೆದಿರುವಾಗ, ಕನ್ನಡಿಯ ಮುಂದೆ ಐದು ನಿಮಿಷ ನಿಂತ ಮಗಳನ್ನು ನಾವೇಕೆ ಪಾಪಿಯಂತೆ ಕಾಣಬೇಕು?

ಇನ್ನು, ತನ್ನದೇ ಶೈಲಿ ಎಂದರೇನು? ಕೈಬರಹವನ್ನು ನೆನೆಯಿರಿ. ಒಂದನೆಯ ತರಗತಿಯಲ್ಲಿ ಟೀಚರ್ ಎಲ್ಲರಿಗೂ ಒಂದೇ ಅಕ್ಷರವನ್ನು ಬರೆದುಕೊಡುತ್ತಾರೆ. ಎಲ್ಲರೂ ಅದರ ಮೇಲೆಯೇ ತಿದ್ದುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ನಲವತ್ತು ಮಕ್ಕಳದ್ದು ನಲವತ್ತು ಬರಹ. ಯಾರೂ ಹೊಸ ಅಕ್ಷರ ಕಂಡುಹಿಡಿಯಲಿಲ್ಲ. ಬರೆಯುತ್ತ ಬರೆಯುತ್ತ ಅವರವರ ಕೈ ಅವರವರಿಗೆ ಸಿಕ್ಕಿತು. ಉಡುಗೆಯ ವಿಷಯವೂ ಹೀಗೆಯೇ. ಹದಿನೇಳರ ಹುಡುಗಿ ಗೆಳತಿಯಂತೆ ಉಡುತ್ತಾಳೆ, ಹುಡುಗ ಸಿನಿಮಾ ನಟನಂತೆ ಕೂದಲು ಬಿಡುತ್ತಾನೆ. ಅದು ತಿದ್ದುವ ವಯಸ್ಸು. ಹೆತ್ತವರೇ, ಅಷ್ಟಕ್ಕೆ ಗಾಬರಿಯಾಗಬೇಡಿ. ಆದರೆ ಮಕ್ಕಳೇ, ಮೂವತ್ತು ದಾಟಿದರೂ ಇನ್ನೊಬ್ಬರ ಅಕ್ಷರದ ಮೇಲೆಯೇ ತಿದ್ದುತ್ತಿದ್ದರೆ ನಿಮ್ಮ ಬರಹ ನಿಮಗೆ ಸಿಗುವುದು ಯಾವಾಗ? ದೇವರು ಕೊಟ್ಟ ಮೈಬಣ್ಣ, ಎತ್ತರ, ಮಾಡುವ ಕೆಲಸ, ಬಾಳುವ ಊರಿನ ಬಿಸಿಲು, ಜೇಬಿನಲ್ಲಿರುವ ಹಣ, ಇವನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡವರಿಗೆ ತಮ್ಮ ಶೈಲಿ ತಾನಾಗಿ ಸಿಗುತ್ತದೆ. ನಮ್ಮತನವನ್ನು ನಾವು ಕನ್ನಡಿಯ ಮುಂದೆ ಸೃಷ್ಟಿಸುವುದಿಲ್ಲ. ಕೊಡುಗೆಯಾಗಿ ಪಡೆದದ್ದನ್ನು ಗುರುತಿಸುತ್ತೇವೆ, ಅಷ್ಟೆ.

ಧರ್ಮಸಭೆಯ ಚರಿತ್ರೆಯಲ್ಲಿ ತಮ್ಮ ಉಡುಗೆಯನ್ನು ಯೋಚಿಸಿ ಆರಿಸಿಕೊಂಡವರಿದ್ದಾರೆ. ಇಟಲಿಯ ಕುಲೀನ ಮನೆತನದ ಯೇಸುಸಭೆಯ ಗುರು ರಾಬರ್ಟೊ ದೆ ನೊಬಿಲಿ 1606ರಲ್ಲಿ ಮದುರೈಗೆ ಬಂದರು. ಅಲ್ಲಿಯ ಜನರಿಗೆ ಪರಕೀಯರಾಗಿ ಉಳಿಯಬಾರದೆಂದು ಸಂನ್ಯಾಸಿಯ ಕಾವಿ ತೊಟ್ಟರು. ಇದರ ಬಗ್ಗೆ ದೊಡ್ಡ ವಿವಾದವೇ ನಡೆದು, 1623ರಲ್ಲಿ ಜಗದ್ಗುರು 15ನೆಯ ಗ್ರೆಗೊರಿಯವರು ಅವರ ರೀತಿಗೆ ಅನುಮತಿ ನೀಡಿದರು. ಅದೇ ಶತಮಾನದ ಮಧ್ಯಭಾಗದಲ್ಲಿ ನಮ್ಮ ಮೈಸೂರು ಸೀಮೆಗೆ ಬಂದ ಲಿಯೊನಾರ್ಡೊ ಚಿನ್ನಾಮಿಯವರೂ ಅದೇ ಹಾದಿ ಹಿಡಿದರು. ಸಂತ ಮದರ್ ತೆರೇಸಾ 1948ರಲ್ಲಿ ಕಾನ್ವೆಂಟಿನಿಂದ ಬಡವರ ಕೇರಿಗೆ ಹೊರಟಾಗ ಉಟ್ಟದ್ದು ನೀಲಿ ಅಂಚಿನ ಅಗ್ಗದ ಬಿಳಿ ಹತ್ತಿ ಸೀರೆ. ಆ ಸೀರೆಯನ್ನು ಇಂದು ಜಗತ್ತೇ ಗುರುತಿಸುತ್ತದೆ. ಇವರಾರೂ ಎದ್ದು ಕಾಣಲು ಹಾಗೆ ಉಡಲಿಲ್ಲ. ತಾವು ಯಾರ ನಡುವೆ ಬಾಳಬೇಕೋ ಅವರ ಹತ್ತಿರ ಹೋಗಲು ಉಟ್ಟರು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಧರ್ಮಕೇಂದ್ರದ ಹಬ್ಬದ ಹಿಂದಿನ ಒಂದು ಭಾನುವಾರ ಪ್ರಬೋಧನೆಯಲ್ಲಿ, ಪೂಜೆಗೆ ಬರುವಾಗ ಒಳ್ಳೆಯ ಬಟ್ಟೆ ತೊಟ್ಟು ಬನ್ನಿ, ರಾಜರ ಮನೆಗೆ ಹೋಗುವಾಗ ಹೇಗೆಂದರೆ ಹಾಗೆ ಹೋಗುತ್ತೀರಾ, ಎಂದು ತುಸು ಜೋರಾಗಿಯೇ ಹೇಳಿದೆ. ನನ್ನ ಮನಸ್ಸಿನಲ್ಲಿದ್ದವರು ಅಡ್ಡಾದಿಡ್ಡಿ ಉಟ್ಟು ಬರುತ್ತಿದ್ದ ಕೆಲವು ಹುಡುಗರು. ಅವರಿಗೆ ನನ್ನ ಮಾತು ತಾಗಲೇ ಇಲ್ಲ. ತಾಗಿದ್ದು ಬೇರೆಯವರಿಗೆ. ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ ಒಬ್ಬ ತಾಯಿ ಹಬ್ಬಕ್ಕೂ ಬರಲಿಲ್ಲ, ನಂತರದ ಎರಡು ಭಾನುವಾರವೂ ಬರಲಿಲ್ಲ. ಕಾಯಿಲೆಯೇನೋ ಎಂದು ಮನೆಗೆ ಹೋದೆ. ಆಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಷರ್ಟುಗಳಿಗೆ ಕಾಲರ್ ಕೂರಿಸುವವಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ತಲೆ ತಗ್ಗಿಸಿ ಹೇಳಿದಳು: "ಒಳ್ಳೇ ಸೀರೆ ಅಂತ ಇದ್ದದ್ದು ಒಂದೇ ಸ್ವಾಮಿ. ತಂಗಿ ಮಗಳ ನಿಶ್ಚಿತಾರ್ಥಕ್ಕೆ ಉಡೋಕೆ ಏನೂ ಇರಲಿಲ್ಲ, ಅವಳಿಗೆ ಕೊಟ್ಟುಬಿಟ್ಟೆ. ನೀವು ಹಂಗಂದ್ರಲ್ಲ, ಹಬ್ಬದ ದಿನ ಈ ಸೀರೇಲಿ ಎಲ್ಲರ ಮಧ್ಯೆ ಹೆಂಗೆ ನಿಂತ್ಕೊಳ್ಳಲಿ?"

ಎರಡು ಅಂಗಿಯುಳ್ಳವನು ಇಲ್ಲದವನೊಂದಿಗೆ ಹಂಚಿಕೊಳ್ಳಲಿ ಎಂದು ಸ್ನಾನಿಕ ಯೊವಾನ್ನರು ಬೋಧಿಸಿದರು. ಈ ತಾಯಿ ಇದ್ದ ಒಂದನ್ನೇ ಕೊಟ್ಟಿದ್ದಳು. ಬೆತ್ತಲೆಯಾಗಿದ್ದೆ, ನನಗೆ ಉಡಿಸಿದಿರಿ ಎಂದು ಪ್ರಭು ಅಂತಿಮ ದಿನದಂದು ಹೇಳುವುದು ಇಂಥವರಿಗೆ. ಅಂಥವಳನ್ನು ಪೂಜೆಯಿಂದ ದೂರವಿಟ್ಟದ್ದು ನನ್ನ ಮಾತು. ಚಿನ್ನದುಂಗುರದವನಿಗೆ ಮುಂದಿನ ಆಸನ, ಮಾಸಿದ ಬಟ್ಟೆಯವನಿಗೆ ಕಾಲಬುಡದಲ್ಲಿ ಜಾಗ ಕೊಡುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ್ದಾರೆ. ಆ ಪತ್ರವನ್ನು ಎಷ್ಟೋ ಬಾರಿ ಪೀಠದಿಂದ ಓದಿದವನು ನಾನು. ಆಕೆಯ ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಯಾರ ಹೆಸರನ್ನೂ ಎತ್ತದೆ ನನ್ನ ಮಾತನ್ನು ಎಲ್ಲರೆದುರು ತಿದ್ದಿಕೊಂಡೆ. ಆಕೆ ಮತ್ತೆ ಬರತೊಡಗಿದ್ದಾಳೆ. ಆದರೆ ಈಗಲೂ ಕೊನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ಆಡಿದ ಮಾತನ್ನು ಹಿಂದಕ್ಕೆ ತರುವುದು ಅಷ್ಟು ಸುಲಭವಲ್ಲ.

ಅಂದಿನಿಂದ ಆ ಗಾದೆಯನ್ನು ನಾನು ಬೇರೆ ರೀತಿ ಓದುತ್ತೇನೆ. ನೋಟ ಪರರಿಚ್ಛೆ, ನಿಜ. ಆದರೆ ಆ ಪರರು ಯಾರು? ನಮ್ಮನ್ನು ತೂಗಿ ನೋಡುವ ನ್ಯಾಯಾಧೀಶರೇ, ನಮ್ಮ ಪಕ್ಕದಲ್ಲಿ ನಿಂತ ನೆರೆಯವರೇ? ನ್ಯಾಯಾಧೀಶರೆಂದುಕೊಂಡರೆ ಉಡುಗೆ ಅಂಜೂರದ ಎಲೆಯಾಗುತ್ತದೆ. ನೆರೆಯವರೆಂದುಕೊಂಡರೆ ಪ್ರಶ್ನೆಯೇ ಬದಲಾಗುತ್ತದೆ. ನನ್ನನ್ನು ಅವರು ಏನೆಂದುಕೊಂಡಾರು ಎಂಬುದು ಹೋಗಿ, ನನ್ನ ಉಡುಗೆ ಅವರಿಗೆ ಏನು ಮಾಡೀತು ಎಂಬುದು ಬರುತ್ತದೆ. ಅದು ಅವರನ್ನು ಕುಗ್ಗಿಸೀತೇ? ಅವರ ಮನಸ್ಸನ್ನು ಕೆಡಿಸೀತೇ? ಹತ್ತಿರ ಬರಲು ಅಂಜಿಸೀತೇ? ಸಭ್ಯತೆ ಎಂದರೆ ಇದೇ. ಅದು ಹೆಣ್ಣುಮಕ್ಕಳಿಗಷ್ಟೇ ಹೊರಿಸಿದ ಹೊರೆಯಲ್ಲ. ಉಡುವ ಗಂಡಸಿಗೂ, ನೋಡುವ ಗಂಡಸಿನ ಕಣ್ಣಿಗೂ ಅದು ಅನ್ವಯಿಸುತ್ತದೆ.

ಈ ನೆರೆಯವರಲ್ಲಿ ನಮ್ಮ ಕಣ್ಣಿಗೆ ಬೀಳದವರೂ ಇದ್ದಾರೆ. ನಾವು ತೊಟ್ಟದ್ದನ್ನು ಹೊಲಿದವರು ಅವರು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು, ಉಡುಪು ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯವರಿಗೆ ತಿಂಗಳಿಗೆ 38 ಯೂರೋ ಕೂಲಿ ಎಂದು ತಿಳಿದ ಜಗದ್ಗುರು ಫ್ರಾನ್ಸಿಸರು, ಆ ಮೇ ಒಂದರ ಪೂಜೆಯಲ್ಲಿ ಅದನ್ನು ಗುಲಾಮಗಿರಿ ಎಂದೇ ಕರೆದರು. ನಮ್ಮ ಬೆಂಗಳೂರಿನ ಸುತ್ತಲೂ ಇಂಥ ಕಾರ್ಖಾನೆಗಳಲ್ಲಿ ನಮ್ಮದೇ ತಾಯಂದಿರು, ಅಕ್ಕತಂಗಿಯರು ದುಡಿಯುತ್ತಾರೆ. ಎರಡು ಬಾರಿ ತೊಟ್ಟು ಮೂಲೆಗೆಸೆಯುವ ಬಟ್ಟೆಗೂ ಯಾರದೋ ಕಣ್ಣಿನ ಉರಿ, ಬೆನ್ನಿನ ನೋವು ಸೇರಿರುತ್ತದೆ.

ಆದ್ದರಿಂದ ಮಗಳೇ, ನಿನಗೊಪ್ಪುವುದನ್ನು ಹುಡುಕು, ಅದು ತಪ್ಪಲ್ಲ. ಆದರೆ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೋ. ಇದನ್ನು ತೊಟ್ಟಾಗ ನಾನು ನಾನಾಗಿಯೇ ಇರುತ್ತೇನೆಯೇ, ಬೇರೆಯವಳಂತೆ ನಟಿಸುತ್ತೇನೆಯೇ? ಇದನ್ನು ತೊಟ್ಟು ಬಡ ಗೆಳತಿಯ ಪಕ್ಕದಲ್ಲಿ ಸಂಕೋಚವಿಲ್ಲದೆ ಕೂರಬಲ್ಲೆನೇ? ಇದು ಬಂದರೆ ಬೀರುವಿನಿಂದ ಯಾವುದು ಇನ್ನೊಬ್ಬರ ಮನೆಗೆ ಹೋಗುತ್ತದೆ? ಈ ಮೂರಕ್ಕೂ ಉತ್ತರವಿದ್ದರೆ ಸಂತೋಷವಾಗಿ ತೊಡು. ಷೋಕಿ ಎಂಬ ಮಾತಿಗೂ ಗೌರಮ್ಮ ಎಂಬ ಮಾತಿಗೂ ಅಂಜಬೇಡ. ಹೆತ್ತವರೇ, ಮಕ್ಕಳ ಉಡುಗೆಯನ್ನು ನಾಲ್ಕು ಜನರೆದುರು ಹಂಗಿಸಬೇಡಿ. ಜೊತೆಗೆ ಅಂಗಡಿಗೆ ಹೋಗಿ, ಕುಳಿತು ಮಾತನಾಡಿ. ಮುಂದಿನ ಕ್ರಿಸ್ಮಸ್ಸಿಗೆ ಹೊಸ ಬಟ್ಟೆ ತರುವಾಗ ಒಂದು ಜೊತೆ ನಿಮ್ಮ ಮನೆಯವರಲ್ಲದವರಿಗೆ ತನ್ನಿ. ಹಳೆಯದನ್ನಲ್ಲ, ಹೊಸದನ್ನೇ.

ದೀಕ್ಷಾಸ್ನಾನದ ದಿನ ನಮಗೆಲ್ಲ ಒಂದು ಬಿಳಿ ವಸ್ತ್ರ ಹೊದಿಸಿದರು. ಬಡವರ ಮಗುವಿಗೂ ಸಿರಿವಂತರ ಮಗುವಿಗೂ ಅಂದು ಒಂದೇ ಬಣ್ಣ. ನಾವು ಕ್ರಿಸ್ತನನ್ನೇ ಧರಿಸಿಕೊಂಡೆವು ಎಂಬುದು ಅದರ ಅರ್ಥ. ಅದನ್ನು ನಾವು ಆರಿಸಲಿಲ್ಲ, ಬೆಲೆ ಕೇಳಲಿಲ್ಲ, ಇನ್ನೊಬ್ಬರ ಕೈಯಿಂದ ಪಡೆದೆವು. ಕೊನೆಯ ದಿನವೂ ನಮಗೆ ಇನ್ನೊಬ್ಬರೇ ಉಡಿಸುತ್ತಾರೆ. ಈ ಎರಡರ ನಡುವೆ ನಾವೇ ಆರಿಸಿ ಉಡುವ ಕೆಲವು ವರ್ಷಗಳನ್ನು ದೇವರು ಕೊಟ್ಟಿದ್ದಾರೆ. ದಯೆ, ದೀನತೆ, ತಾಳ್ಮೆಗಳನ್ನು ತೊಟ್ಟು, ಎಲ್ಲಕ್ಕೂ ಮೇಲೆ ಪ್ರೀತಿಯನ್ನು ಹೊದೆಯಿರಿ ಎಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದದ್ದು ಆ ವರ್ಷಗಳಿಗಾಗಿ. ಬರುವ ಭಾನುವಾರ ಪೂಜೆಗೆ ಬಂದಾಗ ಒಮ್ಮೆ ಕೊನೆಯ ಸಾಲಿನತ್ತ ನೋಡಿ. ಅಲ್ಲಿ ನಿಂತವರನ್ನು ಕರೆದು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರಭು ನಿಮ್ಮನ್ನು ಆಶೀರ್ವದಿಸಲಿ.