ಆಯ್ಕೆಯಾಗದ ಮಗುವಿಗೆ ಏನು ಹೇಳಬೇಕು?

ಆರೇಳು ವರ್ಷಗಳಿಂದ ಪಿಟೀಲು ಕಲಿಯುತ್ತಿರುವ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಯುವ ಆರ್ಕೆಸ್ಟ್ರಾವೊಂದರ ಆಡಿಷನ್‌ಗೆ ಹೋಗಿ ಹತ್ತು ನಿಮಿಷ ನುಡಿಸಿ ಬಂದಿದ್ದಾಳೆ. ಕೆಲವು ವಾರಗಳ ಬಳಿಕ ಪತ್ರ ಬರುತ್ತದೆ: ಈ ಸಲ ಸ್ಥಾನ ನೀಡಲಾಗುತ್ತಿಲ್ಲ. ಪತ್ರವನ್ನು ಮೊದಲು ಒಡೆದು ಓದಿದವಳು ತಾಯಿ. ಮಗಳು ಶಾಲೆಯಿಂದ ಮರಳಲು ಇನ್ನೂ ಒಂದು ಗಂಟೆಯಿದೆ. ಆ ಗಂಟೆಯಲ್ಲಿ ತಾಯಿಯ ಮನಸ್ಸಿಗೆ ಬರುವ ಪ್ರಶ್ನೆಗಳು ಎರಡು. ಮಗಳಿಗೆ ಏನು ಹೇಳಲಿ? ಮಕ್ಕಳನ್ನು ಹೀಗೆ ಸಾಲಾಗಿ ನಿಲ್ಲಿಸಿ, ಕೆಲವರನ್ನು ಒಳಗೆ ಕರೆದು, ಹೆಚ್ಚಿನವರನ್ನು ಹಿಂದಕ್ಕೆ ಕಳುಹಿಸುವುದು ದೊಡ್ಡವರಾದ ನಮಗೆ ತಕ್ಕ ಕೆಲಸವೇ?

ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದಕ್ಕೆ ಪ್ರಾಮಾಣಿಕವಾದ ಉತ್ತರ ಸಿಗುವುದಿಲ್ಲ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಆರ್ಕೆಸ್ಟ್ರಾ ಎಂದೊಡನೆ ಊರಹಬ್ಬದ ರಾತ್ರಿ ಸಿನಿಮಾ ಹಾಡು ಹಾಡುವ ತಂಡವೇ ಕಣ್ಣಿಗೆ ಬರುತ್ತದೆ. ನಾನು ಹೇಳುತ್ತಿರುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದವನ್ನು. ಅದರಲ್ಲಿ ಎಂಬತ್ತು, ನೂರು ಮಂದಿ ಒಬ್ಬ ನಿರ್ದೇಶಕನ ಕೈಯನ್ನು ನೋಡುತ್ತ ಒಂದೇ ಕೃತಿಯನ್ನು ನುಡಿಸುತ್ತಾರೆ. ಅಂಥದನ್ನು ಹದಿಹರೆಯದವರಿಂದಲೇ ಕಟ್ಟಬಹುದು ಎಂದು ತೋರಿಸಿದವರಲ್ಲಿ ಇಂಗ್ಲೆಂಡಿನ ರೂತ್ ರೇಲ್ಟನ್ ಒಬ್ಬರು. 1948ರಲ್ಲಿ, ಮಹಾಯುದ್ಧ ಮುಗಿದು ಮೂರೇ ವರ್ಷವಾಗಿದ್ದು ಆಹಾರಕ್ಕಿನ್ನೂ ರೇಷನ್ ಇದ್ದ ಕಾಲದಲ್ಲಿ, ಅವರು ಬ್ರಿಟನ್ನಿನ ರಾಷ್ಟ್ರೀಯ ಯುವ ಆರ್ಕೆಸ್ಟ್ರಾವನ್ನು ಆರಂಭಿಸಿದರು. ಅದು ಇಂದಿಗೂ ನಡೆಯುತ್ತಿದೆ. ಮುಂದೆ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಮುಖ್ಯ ನಿರ್ದೇಶಕರಾದ ಸೈಮನ್ ರಾಟಲ್ ಬಾಲ್ಯದಲ್ಲಿ ಅದರ ಹಿಂದಿನ ಸಾಲಿನಲ್ಲಿ ನಿಂತು ತಾಳವಾದ್ಯ ನುಡಿಸಿದವರು.

ಆಡಿಷನ್ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ ಬಗೆ. ಅಭ್ಯಾಸ ಮಾಡಿಕೊಂಡು ಬಂದ ಒಂದು ಕೃತಿ, ಕೆಲವು ಸ್ವರಶ್ರೇಣಿಗಳು, ದೊಡ್ಡ ಸಿಂಫನಿಗಳಿಂದ ಆಯ್ದ ಕಷ್ಟದ ತುಣುಕುಗಳು, ಕೊನೆಗೆ ಹಿಂದೆಂದೂ ಕಾಣದ ಒಂದು ಹಾಳೆಯನ್ನು ಮುಂದಿಟ್ಟು, ನೋಡಿದ ಕೂಡಲೇ ನುಡಿಸು ಎನ್ನುವುದು. ವರ್ಷಗಳ ದುಡಿಮೆ ಹತ್ತು ನಿಮಿಷಗಳಲ್ಲಿ ತೂಗಲ್ಪಡುತ್ತದೆ. ಕೈ ತಣ್ಣಗಾಗುತ್ತದೆ, ಕಮಾನು ತಂತಿಯ ಮೇಲೆ ನಡುಗುತ್ತದೆ. ಆಕಾಶವಾಣಿಯ ಆಡಿಷನ್‌ಗೆ ಹೋದ ನಮ್ಮ ಕಲಾವಿದರನ್ನು ಕೇಳಿದರೆ ಈ ನಡುಕದ ಕಥೆಯನ್ನು ಅವರೂ ಹೇಳಿಯಾರು.

ಈಗ ತಾಯಂದಿರೂ ತಂದೆಯರೂ ಮರೆಯುವ ಒಂದು ಲೆಕ್ಕವನ್ನು ನೋಡೋಣ. ದೊಡ್ಡ ಆರ್ಕೆಸ್ಟ್ರಾದಲ್ಲಿ ಪಿಟೀಲುಗಳಿಗೆ ಮೊದಲನೆಯ ಗುಂಪು, ಎರಡನೆಯ ಗುಂಪು ಎಂದು ಸೇರಿ ಸುಮಾರು ಮೂವತ್ತು ಸ್ಥಾನಗಳಿರಬಹುದು. ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾಕ್ಕೆ ಹತ್ತು ಹನ್ನೆರಡು, ಡಬಲ್ ಬಾಸಿಗೆ ಆರೆಂಟು. ಕೊಳಲಿನ ಜಾತಿಯ ಫ್ಲೂಟಿಗೆ? ಎರಡು, ಮೂರು, ಹೆಚ್ಚೆಂದರೆ ನಾಲ್ಕು. ಆದರೆ ಫ್ಲೂಟ್ ಕಲಿಯುವ ಮಕ್ಕಳು ಬಹಳ, ಡಬಲ್ ಬಾಸ್ ಕಲಿಯುವವರು ಕಡಿಮೆ. ಆದುದರಿಂದ ಬಹಳ ಚೆನ್ನಾಗಿ ಫ್ಲೂಟ್ ನುಡಿಸಿದ ಹುಡುಗ ಹೊರಗುಳಿದು, ಅವನಷ್ಟು ಸಾಧಿಸದ ಡಬಲ್ ಬಾಸಿನ ಹುಡುಗ ಒಳಗೆ ಹೋಗಬಹುದು. ಇದರಲ್ಲಿ ಯಾರ ಮೋಸವೂ ಇಲ್ಲ. ಆರ್ಕೆಸ್ಟ್ರಾ ಹುಡುಕುತ್ತಿರುವುದು ಊರಿನ ನೂರು ಮಂದಿ ಅತ್ಯುತ್ತಮ ಮಕ್ಕಳನ್ನಲ್ಲ, ಖಾಲಿಯಿರುವ ಕುರ್ಚಿಗಳಿಗೆ ಬೇಕಾದವರನ್ನು. ಶಾಲೆಯ ರ‍್ಯಾಂಕ್ ಪಟ್ಟಿಗೂ ಇದಕ್ಕೂ ಇರುವ ಈ ವ್ಯತ್ಯಾಸ ತಿಳಿಯದವರು 'ಬೇಡ' ಎಂಬ ಪತ್ರವನ್ನು ಮಗುವಿನ ಯೋಗ್ಯತೆಯ ಬಗ್ಗೆ ಕೊಟ್ಟ ತೀರ್ಪೆಂದು ಓದಿಬಿಡುತ್ತಾರೆ.

(ಇದನ್ನು ತಿಳಿದ ಕೆಲವು ಜಾಣ ಹೆತ್ತವರು ಸ್ಥಾನ ಸುಲಭವಾಗಿ ಸಿಗಲೆಂದು ಮಗುವಿನ ಕೈಯಿಂದ ಪಿಟೀಲು ತೆಗೆದು ವಿಯೋಲಾ ಕೊಡಿಸುವುದುಂಟು. ಮಗುವಿಗೆ ವಿಯೋಲಾದ ಗಂಭೀರ ದನಿ ಹಿಡಿಸಿದರೆ ಸಂತೋಷ. ಸೀಟಿನ ಲೆಕ್ಕ ಮಾತ್ರ ಕಾರಣವಾಗಿದ್ದರೆ, ವೈದ್ಯಕೀಯ ಸೀಟಿಗಾಗಿ ಮಗನ ಇಷ್ಟವನ್ನು ಮುರಿಯುವ ತಂದೆಗೂ ಇವರಿಗೂ ಹೆಚ್ಚು ಅಂತರವಿಲ್ಲ.)

ಹಾಗಾದರೆ ಪರೀಕ್ಷೆ ನ್ಯಾಯವಾಗಿರುವುದು ಹೇಗೆ? ದೊಡ್ಡವರ ಆರ್ಕೆಸ್ಟ್ರಾಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡವು. ಅಮೆರಿಕದ ಬಾಸ್ಟನ್ ಸಿಂಫನಿ 1952ರಲ್ಲೇ ತೀರ್ಪುಗಾರರಿಗೂ ವಾದಕರಿಗೂ ನಡುವೆ ಪರದೆ ಕಟ್ಟಿ ಆಡಿಷನ್ ನಡೆಸಿತು. 1970ರ ದಶಕದಿಂದ ಆ ಪದ್ಧತಿ ಅಲ್ಲಿ ವ್ಯಾಪಕವಾಯಿತು. ನುಡಿಸುವವರು ಗಂಡೋ ಹೆಣ್ಣೋ, ಕರಿಯರೋ ಬಿಳಿಯರೋ, ಯಾರ ಶಿಷ್ಯರೋ ತಿಳಿಯಬಾರದು. ಹೆಂಗಸರ ಚಪ್ಪಲಿಯ ಸದ್ದು ಗುಟ್ಟು ಬಿಟ್ಟುಕೊಡುತ್ತದೆಂದು ನೆಲಕ್ಕೆ ಜಮಖಾನ ಹಾಸಿದ್ದೂ ಉಂಟು. ಜೆಸ್ಸೆಯನ ಮನೆಗೆ ಅರಸನನ್ನು ಆರಿಸಲು ಹೋದ ಪ್ರವಾದಿ ಸಮುವೇಲನಿಗೆ ಇಂಥ ಒಂದು ಪರದೆ ಬೇಕಿತ್ತೇನೋ! ಹಿರಿಯ ಮಗನ ಎತ್ತರ, ರೂಪಗಳನ್ನು ಕಂಡು ಅವನೇ ಸರಿ ಎಂದುಕೊಂಡ ಸಮುವೇಲನನ್ನು ದೇವರೇ ತಡೆಯಬೇಕಾಯಿತು. ಏಳು ಮಂದಿ ಮಕ್ಕಳು ಮುಂದೆ ಹಾದುಹೋದರು. ಆಯ್ಕೆಯಾಗಬೇಕಾದವನು ಕುರಿ ಕಾಯುತ್ತ ಹೊಲದಲ್ಲಿದ್ದ, ಅವನನ್ನು ಕರೆಯಬೇಕೆಂದು ತಂದೆಗೇ ತೋಚಿರಲಿಲ್ಲ.

ಹೊಲದಲ್ಲಿದ್ದವನ ವಿಷಯ ಬಂದುದರಿಂದ ಹೇಳುತ್ತೇನೆ. ಪರದೆ ಮುಖವನ್ನು ಮರೆಮಾಡೀತು, ಹಣವನ್ನು ಮರೆಮಾಡದು. ಒಳ್ಳೆಯ ಪಿಟೀಲಿಗೆ ಬೆಲೆ ಹೆಚ್ಚು. ವಾರವಾರ ಒಬ್ಬ ಮಗುವಿಗೇ ಒಬ್ಬ ಗುರು ಕುಳಿತು ಕಲಿಸಬೇಕು, ಅದೂ ಎಂಟು ಹತ್ತು ವರ್ಷ. ನ್ಯೂಯಾರ್ಕಿನ ಕಾರ್ನೆಗಿ ಹಾಲ್ 2013ರಲ್ಲಿ ಅಮೆರಿಕದ ರಾಷ್ಟ್ರೀಯ ಯುವ ಆರ್ಕೆಸ್ಟ್ರಾವನ್ನು ಆರಂಭಿಸಿದಾಗ, ಆಯ್ಕೆಯಾದ 16ರಿಂದ 19 ವರ್ಷದವರ ತರಬೇತಿ, ಊಟ, ವಸತಿ, ಪ್ರಯಾಣಗಳ ಖರ್ಚನ್ನೆಲ್ಲ ಸಂಸ್ಥೆಯೇ ವಹಿಸಿಕೊಂಡಿತು. ಅದು ದೊಡ್ಡ ಮನಸ್ಸಿನ ಕೆಲಸ. ಆದರೆ ಬಾಗಿಲ ಒಳಗೆ ಎಲ್ಲ ಉಚಿತವಾದರೂ ಬಾಗಿಲವರೆಗಿನ ದಾರಿ ಉಚಿತವಲ್ಲ. ಪಿಟೀಲನ್ನೇ ಕಾಣದ ಮಗುವಿಗೆ 'ಬೇಡ' ಎಂಬ ಪತ್ರ ಕೂಡ ಬರುವುದಿಲ್ಲ. ನಾವು ಆಯ್ಕೆಯಾಗದವರ ನೋವನ್ನು ಮಾತನಾಡುವಾಗ ಈ ಮಗುವಿನ ನೆನಪೂ ಇರಬೇಕು.

ಆ ಮಗುವನ್ನು ನೆನೆದವರು ವೆನೆಜುವೇಲಾದ ಹೊಸೆ ಅಂತೋನಿಯೊ ಅಬ್ರೇಯು. ಅವರು 1975ರಲ್ಲಿ ರಾಜಧಾನಿ ಕರಾಕಸ್‌ನ ಒಂದು ಗ್ಯಾರೇಜಿನಲ್ಲಿ ಬೆರಳೆಣಿಕೆಯ ಯುವಕರನ್ನು ಕೂಡಿಸಿಕೊಂಡು ಅಭ್ಯಾಸ ಆರಂಭಿಸಿದರು. ಮುಂದೆ 'ಎಲ್ ಸಿಸ್ತೆಮಾ' ಎಂದು ಹೆಸರಾದ ಆ ಯೋಜನೆಯ ಕೇಂದ್ರಗಳಲ್ಲಿ ಬಡ ಬಡಾವಣೆಗಳ ಮಕ್ಕಳಿಗೆ ವಾದ್ಯವನ್ನೂ ಪಾಠವನ್ನೂ ಕೊಟ್ಟರು. ಮೊದಲು ಸೇರು, ಕುಳಿತು ನುಡಿಸು, ಚೆನ್ನಾಗಿ ನುಡಿಸುವುದು ಆಮೇಲೆ ಬರುತ್ತದೆ ಎಂಬುದು ಅಲ್ಲಿಯ ರೀತಿ. ಅಬ್ರೇಯು 2018ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಮಾದರಿ ಅನೇಕ ದೇಶಗಳಿಗೆ ಹರಡಿತ್ತು. ಟೀಕೆಗಳೂ ಇಲ್ಲದಿಲ್ಲ. 2014ರಲ್ಲಿ ಬ್ರಿಟಿಷ್ ಸಂಶೋಧಕ ಜೆಫ್ರಿ ಬೇಕರ್ ಬರೆದ ಪುಸ್ತಕ, ಅಲ್ಲಿಯ ಶಿಸ್ತು ಕಠೋರವಾದುದು, ಮಕ್ಕಳ ಮಾತಿಗೆ ಅಲ್ಲಿ ಬೆಲೆ ಕಡಿಮೆ ಎಂದು ವಾದಿಸಿತು. ಅಲ್ಲಿಯೂ ಮೇಲಿನ ಮಟ್ಟದ ಆರ್ಕೆಸ್ಟ್ರಾಗಳಿಗೆ ಕಠಿಣ ಆಡಿಷನ್ ಇದ್ದೇ ಇದೆ.

ಇದ್ದೇ ಇರಬೇಕು ಎಂದೇ ನನ್ನ ಅಭಿಪ್ರಾಯ. ಎಂಟು ವರ್ಷದ ಮಗುವಿಗೆ ಬಾಗಿಲಲ್ಲಿ ಪರೀಕ್ಷೆ ಇಡುವುದು ನನಗೆ ಸರಿಕಾಣದು. ಹದಿನೇಳು ವರ್ಷದವರಿಗೆ ಇಡದಿರುವುದೂ ಸರಿಕಾಣದು. ಕಾರಣ ಇಷ್ಟೇ: ಆರ್ಕೆಸ್ಟ್ರಾದ ಕುರ್ಚಿ ಒಬ್ಬನಿಗೆ ಕೊಡುವ ಬಹುಮಾನವಲ್ಲ. ಅಲ್ಲಿ ಒಬ್ಬನ ಶ್ರುತಿ ತಪ್ಪಿದರೆ ಪಕ್ಕದವನ ಕಿವಿ ಕೆಡುತ್ತದೆ. ಒಬ್ಬ ಲಯ ಬಿಟ್ಟರೆ ಇಡೀ ಸಾಲು ಜಾರುತ್ತದೆ. ಕನಿಕರದಿಂದ ಒಬ್ಬನನ್ನು ಒಳಗೆ ಬಿಟ್ಟರೆ ಅವನೊಡನೆ ಕುಳಿತ ತೊಂಬತ್ತು ಮಂದಿಗೆ ಆ ಕನಿಕರದ ಬೆಲೆ ತಗಲುತ್ತದೆ. ಅವನಿಗೂ ಸುಖವಿಲ್ಲ. ತಾನು ನುಡಿಸಲಾರದ ಪುಟವನ್ನು ನುಡಿಸಿದಂತೆ ನಟಿಸುತ್ತ, ಕಮಾನನ್ನು ತಂತಿಗೆ ತಾಗಿಸದೆ ಆಡಿಸುತ್ತ ಕುಳಿತವನ ಅವಸ್ಥೆ 'ಬೇಡ' ಎನಿಸಿಕೊಂಡವನ ಅವಸ್ಥೆಗಿಂತ ಒಳ್ಳೆಯದೆಂದು ಹೇಳಲಾರೆ.

ಒಳಗೆ ಹೋದವರ ಕಥೆಯೂ ಸ್ವಲ್ಪ ಕೇಳಬೇಕು. ತನ್ನ ಊರಿನಲ್ಲಿ ತನ್ನಷ್ಟು ನುಡಿಸುವವರಿಲ್ಲ ಎನಿಸಿಕೊಂಡವಳು ಮೊದಲ ದಿನ ಎರಡನೆಯ ಪಿಟೀಲುಗಳ ಕೊನೆಯ ಸಾಲಿನಲ್ಲಿ ಕುಳಿತಿರುತ್ತಾಳೆ. ಇಬ್ಬರಿಗೆ ಒಂದೇ ಸ್ಟ್ಯಾಂಡ್. ಪುಟ ಮುಗಿಯುವ ಹೊತ್ತಿಗೆ ಒಳಬದಿಗೆ ಕುಳಿತವಳು ನುಡಿಸುವುದನ್ನು ನಿಲ್ಲಿಸಿ ಹಾಳೆ ಮಗುಚುತ್ತಾಳೆ, ಹೊರಬದಿಯವಳು ನುಡಿಸುತ್ತಲೇ ಇರುತ್ತಾಳೆ. ಸಭೆಯಲ್ಲಿ ಯಾರಿಗೂ ಇದು ಕಾಣುವುದಿಲ್ಲ. ಬೇತೋವನ್‌ನ ಐದನೆಯ ಸಿಂಫನಿಯಲ್ಲಿ ಟ್ರಾಂಬೋನ್ ನುಡಿಸುವ ಮೂವರು ಮೂರು ಭಾಗಗಳುದ್ದಕ್ಕೂ ವಾದ್ಯವನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತಿರಬೇಕು, ಅವರಿಗೆ ಕೆಲಸ ಬರುವುದು ನಾಲ್ಕನೆಯ ಭಾಗದಲ್ಲಿ. ದ್ವೊರ್ಜಾಕ್‌ನ 'ಹೊಸ ಜಗತ್ತಿನಿಂದ' ಎಂಬ ಸಿಂಫನಿಯಲ್ಲಿ ಕಂಚಿನ ತಾಳಕ್ಕೆ ಇರುವುದು ಒಂದೇ ಒಂದು ಪೆಟ್ಟು, ಅದೂ ಜೋರಾಗಿ ಅಲ್ಲ. ಕಣ್ಣು ಕೈಗೆ ನೀನು ಬೇಡ ಎನ್ನಲಾಗದು ಎಂಬರ್ಥದ ಮಾತನ್ನು ಸಂತ ಪೌಲರು ಕೊರಿಂಥದವರಿಗೆ ಬರೆದುದನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಒಂದು ಪೆಟ್ಟಿಗಾಗಿ ಅರ್ಧ ಗಂಟೆಯಷ್ಟು ಕಾದು ನಿಂತ ಹುಡುಗನಿಗೆ ಅದರ ಅರ್ಥ ಮೈಯಲ್ಲೇ ತಿಳಿದಿರುತ್ತದೆ.

ಒಂದು ಸ್ಟ್ಯಾಂಡಿನ ಮುಂದೆ ಇಬ್ಬರು ಕೂರುವುದಕ್ಕೆ ಬೇರೆ ಅರ್ಥವೂ ಬರಬಹುದು. ಡೇನಿಯಲ್ ಬಾರೆನ್‌ಬೋಯಿಮ್ ಮತ್ತು ಪ್ಯಾಲೆಸ್ಟೈನಿನ ಚಿಂತಕ ಎಡ್ವರ್ಡ್ ಸಯೀದ್ 1999ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಇಸ್ರೇಲಿನ ಮತ್ತು ಅರಬ್ ನಾಡುಗಳ ಯುವ ವಾದಕರನ್ನು ಒಂದೇ ಆರ್ಕೆಸ್ಟ್ರಾದಲ್ಲಿ ಕೂರಿಸಿದರು. ಅದರಿಂದ ಯುದ್ಧ ನಿಲ್ಲಲಿಲ್ಲ, ನಿಲ್ಲುತ್ತದೆಂದು ಅವರು ಹೇಳಿದವರೂ ಅಲ್ಲ. ಆದರೂ ಪಕ್ಕದಲ್ಲಿ ಕುಳಿತವನಿಗೆ ಕಿವಿಗೊಡದೆ ಅಲ್ಲಿ ಒಂದು ಸ್ವರವನ್ನೂ ಸರಿಯಾಗಿ ನುಡಿಸಲಾಗದು.

ಇನ್ನು ಆ ತಾಯಿ. ತೀರ್ಪುಗಾರರು ಪಕ್ಷಪಾತಿಗಳು ಎಂದು ಆಕೆ ಹೇಳಬಹುದು. ಮಗಳಿಗೆ ಆ ಹೊತ್ತಿಗೆ ಸಮಾಧಾನವಾದೀತು. ಆದರೆ ನಾಳೆ ತಾನು ಗೆದ್ದಾಗಲೂ ಆ ಗೆಲುವನ್ನು ನಂಬಲಾಗದ ಮನಸ್ಸು ಅವಳದಾಗುತ್ತದೆ. ನೀನೇ ಎಲ್ಲರಿಗಿಂತ ಚೆನ್ನಾಗಿ ನುಡಿಸಿದ್ದೆ ಎಂದರೆ, ಅದು ಸುಳ್ಳೆಂದು ಮಗಳಿಗೇ ಗೊತ್ತು. ಹೋಗಲಿ ಬಿಡು, ಅದೇನು ಮಹಾ ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಏಳು ವರ್ಷ ಮಗಳು ಪ್ರೀತಿಸಿದ್ದನ್ನು ಒಂದು ಮಾತಿನಲ್ಲಿ ಕಸಕ್ಕೆ ಹಾಕಿದಂತೆ. ನನ್ನನ್ನು ಕೇಳಿದರೆ ಮೊದಲು ಪತ್ರವನ್ನು ಅವಳ ಕೈಗೇ ಕೊಡಬೇಕು. ಅತ್ತರೆ ಅಳಲು ಬಿಡಬೇಕು. ಅಂದು ರಾತ್ರಿ ನೆಂಟರಿಗೆ ಫೋನ್ ಮಾಡಿ ವರದಿ ಒಪ್ಪಿಸಬಾರದು. ಎರಡು ದಿನ ಬಿಟ್ಟು, ಯಾವ ತುಣುಕು ಕೈಕೊಟ್ಟಿತು ಎಂದು ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಸೋತವಳು ತಾಯಿಯಲ್ಲ, ಮಗಳು ಎಂಬುದು ಮನೆಯಲ್ಲಿ ಸ್ಪಷ್ಟವಿರಬೇಕು. ಎಷ್ಟೋ ಮನೆಗಳಲ್ಲಿ ಮಗು ತನ್ನ ದುಃಖವನ್ನು ಬದಿಗಿಟ್ಟು ಹೆತ್ತವರನ್ನು ಸಮಾಧಾನಪಡಿಸಬೇಕಾಗಿ ಬರುತ್ತದೆ.

ಪವಿತ್ರ ಗ್ರಂಥದಲ್ಲಿ ಇಂಥ ಒಬ್ಬನಿದ್ದಾನೆ. ಯೂದನ ಸ್ಥಾನ ತುಂಬಲು ಪ್ರೇಷಿತರು ಇಬ್ಬರನ್ನು ಮುಂದೆ ನಿಲ್ಲಿಸಿದರು ಎಂದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ತಿಳಿಸುತ್ತದೆ. ಚೀಟಿ ಬಿದ್ದುದು ಮತ್ತೀಯನಿಗೆ. ಮತ್ತೊಬ್ಬ ಜೋಸೆಫ್ ಬಾರ್ಸಬ್ಬ, ಯುಸ್ತ ಎಂಬ ಅಡ್ಡಹೆಸರಿನವನು. ಯುಸ್ತ ಎಂದರೆ ನೀತಿವಂತ. ಸ್ನಾನಿಕ ಯೊವಾನ್ನನ ದಿನಗಳಿಂದ ಪ್ರಭುವಿನ ಸ್ವರ್ಗಾರೋಹಣದವರೆಗೆ ಪ್ರೇಷಿತರ ಜೊತೆಗೇ ಇದ್ದವನಾಗಿರಬೇಕು ಎಂಬುದು ಪೇತ್ರನು ಇಟ್ಟ ಅರ್ಹತೆ. ಆ ಅರ್ಹತೆ ಇಬ್ಬರಿಗೂ ಇತ್ತು. ಚೀಟಿ ಬಿದ್ದ ಮರುದಿನವೂ ಜೋಸೆಫನಿಗೆ ಅದು ಹಾಗೆಯೇ ಇತ್ತು. ಅವನ ಬಗ್ಗೆ ಗ್ರಂಥ ಮುಂದೆ ಏನನ್ನೂ ಹೇಳುವುದಿಲ್ಲ. ಗೆದ್ದ ಮತ್ತೀಯನ ಬಗ್ಗೆಯೂ ಅದು ಮುಂದೆ ಏನನ್ನೂ ಹೇಳುವುದಿಲ್ಲ.

ಅನೇಕ ಯುವ ಆರ್ಕೆಸ್ಟ್ರಾಗಳಲ್ಲಿ ಒಂದು ನಿಯಮವಿದೆ. ಒಳಗಿರುವವರೂ ವರ್ಷವರ್ಷ ಹೊಸದಾಗಿ ಆಡಿಷನ್ ಕೊಡಬೇಕು. ಮುಂದಿನ ಸಲ ಆ ಕೋಣೆಯ ಹೊರಗಿನ ಬೆಂಚಿನ ಮೇಲೆ, ಹಿಂದಿನ ವರ್ಷ ಆಯ್ಕೆಯಾದವರೂ ಆಗದವರೂ ತಣ್ಣಗಾದ ಕೈಗಳನ್ನು ಉಜ್ಜಿಕೊಳ್ಳುತ್ತ ಒಟ್ಟಿಗೇ ಕುಳಿತಿರುತ್ತಾರೆ.